ಗೋಡೆಯಾಚೆಯ ಅಕ್ಕ

ಪೂಜ್ಯ ಫಾದರ್ ಅವರಿಗೆ,

ನಮ್ಮ ಚರ್ಚಿನ ನೂರು ವರ್ಷದ ಚರಿತ್ರೆ ಬರೆಯಲು ನನಗೆ ಹೇಳಿದವರು ನೀವೇ. ಈಗ ದಿನಕ್ಕೊಬ್ಬರು ಮನೆಗೆ ಬಂದು ನನ್ನ ತಲೆ ತಿನ್ನುತ್ತಿದ್ದಾರೆ. ಗಂಟೆ ತರಿಸಿದ್ದು ತಮ್ಮ ತಾತ ಎಂದು ಬೇಕರಿಯವರು, ಅಲ್ಲ, ನಮ್ಮಜ್ಜ ಎಂದು ಟೈಲರ್. ಗಾಯನ ತಂಡದ ಅಮ್ಮನವರಂತೂ, "ಟೀಚರ್, ಆ ಜಗಳದ ವಿಷ್ಯ ತೆಗೆದ್ಬಿಡಿ, ನಮ್ಮತ್ತೆ ಹೆಸರು ಬರುತ್ತೆ" ಎಂದು ಎರಡು ಗಂಟೆ ಕೂತಿದ್ದರು. ಎಲ್ಲ ತೆಗೆದೆ. ಇನ್ನು ಉಳಿದಿರುವುದು ಪಾದ್ರಿಗಳ ಪಟ್ಟಿ ಮತ್ತು ಗೋಪುರದ ಎತ್ತರ.

ನಿನ್ನೆ ನೀವೂ ಒಂದು ಪುಟಕ್ಕೆ ಗೀಟು ಎಳೆದು ಕಳಿಸಿದ್ದೀರಿ. ಬಾವಿಯಲ್ಲಿ ಸತ್ತ ನನ್ನ ಅಕ್ಕನನ್ನು ಸ್ಮಶಾನದ ಗೋಡೆಯಾಚೆ ಹೂಳಿದ್ದನ್ನು ಬರೆದ ಪುಟ ಅದು. ಅವಳು ಕಾಲು ಜಾರಿ ಬಿದ್ದಳೋ, ತಾನೇ ಹಾರಿದಳೋ, ನೋಡಿದವರು ಯಾರೂ ಇಲ್ಲ. ಆಗಿನ ಪಾದ್ರಿಗಳು ಕೇಳಲೂ ಇಲ್ಲ; ತಾವೇ ಪ್ರಾಣ ಕಳೆದುಕೊಂಡವರಿಗೆ ಸ್ಮಶಾನದೊಳಗೆ ಜಾಗವಿಲ್ಲ ಎಂದುಬಿಟ್ಟರು. ಐವತ್ತು ವರ್ಷದಿಂದ ಪ್ರತಿ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗೋಡೆ ಸುತ್ತಿಕೊಂಡು ಅವಳ ಹತ್ತಿರ ಹೋಗಿಬರುತ್ತೇನೆ. ಈಗ ಮಂಡಿ ಕೇಳುತ್ತಿಲ್ಲ.

ಪುಟ ತೆಗೆಯಿರಿ, ನನ್ನ ತಕರಾರಿಲ್ಲ. ಆದರೆ ಸೋಮವಾರ ಆ ಹಳೆ ಗೋಡೆ ಒಡೆದು ಹೊಸದು ಕಟ್ಟುತ್ತಾರಲ್ಲ, ಅದನ್ನು ನಾಲ್ಕು ಹೆಜ್ಜೆ ಆಚೆಗೆ ಹಾಕಿಸಿ. ಆ ನೆಲವೂ ಚರ್ಚಿನದೇ. "ಅರ್ಧ ದಿನದ ಕೆಲ್ಸ ಅಷ್ಟೇ ಅಮ್ಮಾ" ಎಂದ ಮೇಸ್ತ್ರಿ. ಅಲ್ಲೇ ಪಾಯ ತೋಡು ಎಂದು ನಾನು ಹೇಳಿಯೂ ಆಗಿದೆ. ಬೇಡವೆಂದರೆ ನೀವೇ ಬಂದು ಅವನನ್ನು ತಡೆಯಬೇಕು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.

ಇತಿ,
ನಿಮ್ಮ ಶಾಲೆಯ ಹಳೆ ಟೀಚರ್