ಲಿಟಿಯಾ ಕಲಿಸಿದ ಮಾತು

ಘೋಡಗೇರಿ,
12 ಫೆಬ್ರುವರಿ 2025

ಮುದ್ದಿನ ಆಮ್ರಪಾಲಿಗೆ,

ನಿನ್ನ ಅವ್ವ ಮನತುಂಬಿ ಹರಸಿ ಬರೆಯುವುದು. ನೀವು ಫಿಜಿಗೆ ಮರಳಿ ತಿಂಗಳಾಯಿತು. ತಡವಾಯಿತೆಂದು ಸಿಟ್ಟಾಗಬೇಡ, ಎರಡು ಸಲ ಬರೆದು ಹರಿದುಹಾಕಿದೆ. ಇಲ್ಲಿ ಎಲ್ಲ ಕ್ಷೇಮ. ಬಾಜೂಮನೆ ಉದ್ದವ್ವನ ಎಮ್ಮೆ ಈದಿದೆ. ಗಿಣ್ಣು ಕೊಟ್ಟಳು. ಮೊಮ್ಮಗಳು ಲಿಟಿಯಾ ಇದ್ದಿದ್ದರೆ ಎನಿಸಿತು.

ನೀನು ಪಾಸ್‌ಪೋರ್ಟಿನ ಕೆಲಸಕ್ಕೆಂದು ಎರಡು ದಿನ ಬೆಳಗಾವಿಗೆ ಹೋಗಿದ್ದೆಯಲ್ಲ, ಆಗ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ನಿನ್ನ ಮಗಳಿಗೆ ಕನ್ನಡ ಬಾರದು, ನನಗೆ ಅವರಪ್ಪನ ಫಿಜಿ ಮಾತು ಬಾರದು. ಹೋಗುವಾಗ ನೀನು ಚೀಟಿಯಲ್ಲಿ ಬರೆದುಕೊಟ್ಟೆ: ಕಾನಾ ಎಂದರೆ ಉಣ್ಣು, ಗುನು ಎಂದರೆ ಕುಡಿ, ಮೋದೆ ಎಂದರೆ ಮಲಗು, ಲಾಕೊ ಮೈ ಎಂದರೆ ಬಾ, ತಾಂಗಿ ಎಂದರೆ ಅಳು.

ಹಾಲಿನಲ್ಲಿ ರೊಟ್ಟಿ ಮುರಿದಿಟ್ಟು "ಕಾನಾ, ಕಾನಾ" ಎಂದೆ. ಕೂಸು ಗಂಗಾಳ ಸರಿಸಿ ಅತ್ತಿತು. ಗಾಬರಿಯಲ್ಲಿ ನಾನು "ತಾಂಗಿ? ತಾಂಗಿ?" ಎನ್ನುತ್ತಿದ್ದಾಗ ಉದ್ದವ್ವ ಒಳಗೆ ಬಂದು, "ಯಾರಿಗೆ ತಂಗಿ ಅನ್ನಾಕತ್ತೀಯವಾ ಸೀತವ್ವ? ಅಕಿ ನಿನ್ನ ಮೊಮ್ಮಗಳಲ್ಲೇನ?" ಎಂದಳು. ನನಗೆ ನಗು ತಡೆಯಲಿಲ್ಲ. ಅದನ್ನು ನೋಡಿ ಕೂಸೂ ನಕ್ಕು, ರೊಟ್ಟಿಗೆ ಕೈಹಾಕಿತು. ಆಮೇಲೆ ಅದೇ ನನ್ನ ಗುರು. "ಮೋದೆ" ಸರಿಯಾಗಿ ಅನ್ನುವವರೆಗೆ ನನ್ನನ್ನು ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಗೋಡೆಯ ಮೇಲಿನ ಅಜ್ಜನ ಫೋಟೊಕ್ಕೆ ಕೈಬೀಸಿ "ಲಾಕೊ ಮೈ" ಎಂದು ಕರೆದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಓಡಿಬಂದು ಪುಟ್ಟ ಅಂಗೈಯಿಂದ ನನ್ನ ಕಣ್ಣೊರೆಸಿ, "ಕುವಾ ನಿ ತಾಂಗಿ, ಕುವಾ ನಿ ತಾಂಗಿ" ಎಂದಳು. "ಕುವಾ ನಿ" ನಿನ್ನ ಚೀಟಿಯಲ್ಲಿ ಇರಲಿಲ್ಲ. ಆದರೂ ಅಳಬೇಡ ಎನ್ನುತ್ತಿದ್ದಾಳೆಂದು ತಿಳಿಯಿತು. ಅಷ್ಟು ಮೆತ್ತಗೆ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಅಳಿಯ ಸೆರುವಿಗೆ ನನ್ನ ನೆನಪು ಹೇಳು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ಬುದ್ಧನ ಕರುಣೆ ಮೂವರನ್ನೂ ಕಾಯಲಿ.

ನಿನ್ನ ಅವ್ವ,
ಸೀತವ್ವ

ತಾ.ಕ.: ನಿನ್ನ ಮದುವೆಯ ಸಿಟ್ಟನ್ನು ಅಪ್ಪ ಸಾಯುವವರೆಗೂ ಬಿಡಲಿಲ್ಲವೆಂದು ನೀನು ತಿಳಿದಿದ್ದೀ. ಹಾಗಲ್ಲ ಮಗಳೇ. ದವಾಖಾನೆಯಲ್ಲಿ ಅವರು ನನ್ನ ಕೈಹಿಡಿದು, "ಆಮ್ರಪಾಲಿಗೆ ಫೋನ್ ಮಾಡು, ಬಾ ಅನ್ನು" ಎಂದಿದ್ದರು. ಸಿಟ್ಟು ನನ್ನದಾಗಿತ್ತು. "ಮಾಡೇನ್ರಿ, ಬರಾಕತ್ತಾಳ" ಎಂದುಬಿಟ್ಟೆ. ನಾನು ಫೋನ್ ಮಾಡಿರಲೇ ಇಲ್ಲ. ಮೂರು ದಿನ ಅವರು ಬಾಗಿಲ ಕಡೆ ಮುಖಮಾಡಿ ಮಲಗಿದ್ದರು.