ಫಾರಂನಲ್ಲಿ ಇಲ್ಲದ ಅಕ್ಷರಗಳು

ವಿಜಯಾ ಆಂಟಿ,

ಫೋನ್ ತೆಗೆಯದವಳು ಈಗ ಕಾಗದ ಬರೆಯುತ್ತಿದ್ದಾಳೆ ಅಂತ ಬೈಯಿರಿ. ಬೈದರೂ ಸರಿ, ನಿಮ್ಮ ದನಿ ಒಮ್ಮೆ ಕೇಳಿದರೆ...

ಸೌತ್‌ಫೀಲ್ಡ್‌ನ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಸ್ಪೀಚ್ ಥೆರಪಿ ಕ್ಲಿನಿಕ್‌ಗೆ ಹಸನ್ ಮೊದಲ ಸಲ ಬಂದ ದಿನ ನೆನಪಿದೆಯಾ? ಲಕ್ವ ಹೊಡೆದು ಮಾತು ತೊದಲುತ್ತಿದ್ದ ಲೆಬನಾನಿನ ಮುದುಕರು, ಮೂವತ್ತು ವರ್ಷ ಕಾರು ಫ್ಯಾಕ್ಟರಿಯಲ್ಲಿ ದುಡಿದವರು. ನಾಲ್ಕು ತಿಂಗಳಲ್ಲಿ ಅವರ ಇಂಗ್ಲಿಷ್ ತಿಳಿಯಾಯಿತು. ಆಗ ರಿಸೆಷನ್. ನಮ್ಮಲ್ಲೂ ಯಾರನ್ನು ಯಾವಾಗ ಮನೆಗೆ ಕಳಿಸುತ್ತಾರೋ ಎಂಬ ಭಯ. ಬೇಗ ಬೇಗ ಫೈಲ್ ಮುಗಿಸಿ ಎಂದು ಮ್ಯಾನೇಜರ್ ತಲೆ ತಿನ್ನುತ್ತಿದ್ದ. ನಾನು ಫಾರಂನಲ್ಲಿದ್ದ ಒಂದೊಂದು ಇಂಗ್ಲಿಷ್ ಧ್ವನಿಯ ಮುಂದೆಯೂ ಟಿಕ್ ಹಾಕಿ, ಮಾತು ಸರಿಹೋಗಿದೆ ಎಂದು ಬರೆದುಬಿಟ್ಟೆ. ಇನ್ಶೂರೆನ್ಸ್‌ನವರು ಥೆರಪಿ ನಿಲ್ಲಿಸಿದರು.

ನೀವು ಆ ಫಾರಂ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಿರಿ. ಅವರ ಮನೆಮಾತು ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಬರುವ ಅಕ್ಷರಗಳಿವೆ, ಅವು ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ, ಹಸನ್‌ಗೆ ಅವೊಂದೂ ಹೊರಡುತ್ತಿಲ್ಲ ಎಂದಿರಿ. ತಪ್ಪಾಗುತ್ತದೆಂಬ ನಾಚಿಕೆಗೆ ಅವರು ಹೆಂಡತಿಯ ಜೊತೆಗೂ ಬಾಯಿ ಬಿಡುತ್ತಿರಲಿಲ್ಲವಂತೆ.

"ಡಾಕ್ಟರ್ ಹತ್ರ ಮಾತಾಡ್ತಾರೆ, ಮನೇಲಿ ಮೂಕ. ಇದನ್ನ ಸರಿಹೋಗಿದೆ ಅಂತೀಯೇನೇ?"

ನಾನೇನಂದೆ? ನಿಮಗೇನು, ಅಂಕಲ್ ಡಾಕ್ಟರು, ಕೆಲಸ ಹೋದರೂ ನಡೆಯುತ್ತದೆ ಅಂದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಮುಂದಿನ ತಿಂಗಳು ಹೋಗಿದ್ದು ನಿಮ್ಮ ಕೆಲಸವೇ. ಆಮೇಲೆ ನೀವು ಎರಡು ಸಲ ಫೋನ್ ಮಾಡಿದಿರಿ. ಯಾವ ಮುಖ ಇಟ್ಟುಕೊಂಡು ತೆಗೆಯಲಿ ಅಂತ ಸುಮ್ಮನಿದ್ದೆ. ಮೂರನೆಯ ಫೋನ್ ಅಂಕಲ್ ಮಾಡಿದ್ದು. ನಿಮಗೆ ಹಾರ್ಟ್ ಅಟ್ಯಾಕ್, ಆಸ್ಪತ್ರೆಗೆ ಹೋಗುವಷ್ಟರಲ್ಲಿ...

ನೀವು ಹೋದ ಮರುವಾರ ಹಸನ್ ಮಗಳು, ನಿಮ್ಮ ನಂಬರ್‌ನಲ್ಲಿ ಯಾರೂ ಸಿಗದೆ, ಕ್ಲಿನಿಕ್‌ಗೆ ಫೋನ್ ಮಾಡಿ ಶನಿವಾರ ಯಾಕೆ ಬರಲಿಲ್ಲ ಎಂದು ಕೇಳಿದಳು. ನೀವು ನಾರ್ತ್‌ವಿಲ್‌ನ ನಿಮ್ಮ ಮನೆಯಿಂದ ಡಿಯರ್‌ಬಾರ್ನ್‌ನ ಅವರ ಮನೆಗೆ ಪಾಠ ಹೇಳಲು ವಾರವಾರ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದುದು ನನಗೆ ಗೊತ್ತಾಗಿದ್ದೇ ಆಗ. ನಿಜ ಹೇಳಲು ಬಾಯಿ ಬರಲಿಲ್ಲ, ಆಂಟಿ. ಇಂಡಿಯಾಗೆ ಹೋಗಿದ್ದಾರೆ, ವಾಪಸ್ ಬರುವವರೆಗೆ ನಾನು ಬರುತ್ತೇನೆ ಅಂದುಬಿಟ್ಟೆ.

ಹೋಗಿ ನೋಡಿದರೆ ನಿಮ್ಮ ಪಾಠ ನಡೆದೇ ಇತ್ತು. ಹೆಂಡತಿ ಒಂದು ಅಕ್ಷರ ಹೇಳುವುದು, ಹಸನ್ ಆಕೆಯ ಗಂಟಲ ಮೇಲೆ ಬೆರಳಿಟ್ಟು ಎಲ್ಲಿ ಬಿಗಿಯುತ್ತದೆಂದು ನೋಡಿ ತಾವೂ ಹೇಳುವುದು. ನಮ್ಮ ಗಂಟಲಲ್ಲಿ ಈ ಅಕ್ಷರ ಇಲ್ಲ, ನಿಮ್ಮಲ್ಲಿದೆ ಎಂದು ನೀವೇ ಆಕೆಯನ್ನು ಎದುರಿಗೆ ಕೂರಿಸಿದ್ದಿರಂತೆ. ಐವತ್ತು ವರ್ಷದ ಸಂಸಾರ, ಆದರೂ ಮಗಳ ಮುಂದೆ ಆಕೆಗೆ ಇನ್ನಿಲ್ಲದ ಸಂಕೋಚ. ನನಗೆ ಅಳು ತಡೆಯಲಾಗಲಿಲ್ಲ. ಇದು ನನಗ್ಯಾಕೆ ಹೊಳೆಯಲಿಲ್ಲ?

ಕಳೆದ ಶನಿವಾರ ಆ ಅಕ್ಷರಗಳು ಬಂದವು. ಹಸನ್ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ನನಗೊಂದೂ ಅರ್ಥವಾಗಲಿಲ್ಲ. ನಡುನಡುವೆ ಆಕೆ ಗದರುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಹಸನ್ ನನ್ನ ಕಡೆ ತಿರುಗಿ ನಿಮ್ಮ ಇಂಡಿಯಾ ನಂಬರ್ ಕೇಳಿದರು. ನಿಮಗೆ ಈಗಲೇ ಕೇಳಿಸಬೇಕಂತೆ. ಅಲ್ಲೀಗ ಎಲ್ಲರೂ ಮಲಗಿರುತ್ತಾರೆ ಅಂದೆ.

ಈ ಶನಿವಾರ ನಿಜ ಹೇಳುತ್ತೇನೆ, ಆಂಟಿ. ಖಂಡಿತ ಹೇಳುತ್ತೇನೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಗೊತ್ತಾ? ಆ ಒಂದು ಮನೆಯಲ್ಲಿ ಮಾತ್ರ ನೀವಿನ್ನೂ ಬದುಕಿದ್ದೀರಿ.