ಅಳತೆಗೆ ಜನ ಕಾಯ್ತಿದ್ದಾರೆ ಅಂದಿದ್ದೆ

ಪ್ರೀತಿಯ ಸೂಜಿಮಲ್ಲಿಗೆ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ರೀ, ನಾನೇನು ಮಾಡಿದೆ ಅಂತ ಇಲ್ಲಿ ಯಾರೂ ಸರಿಯಾಗಿ ಹೇಳ್ತಿಲ್ಲ. ನೀವಾದ್ರೂ ನಿಜ ಹೇಳಿ" ಅಂತ. ನಿನ್ನ ವಾರ್ಡಿನ ಡಾಕ್ಟರಮ್ಮನನ್ನು ವಿಚಾರಿಸಿದೆ. "ಈಗ ತಡ್ಕೋತಾರೆ. ಬರೆದು ಕೊಡಿ" ಅಂದರು. ನಮ್ಮ ಕನ್ನಡಕದಂಗಡಿಯಲ್ಲಿ ಈ ಹೊತ್ತು ಗಿರಾಕಿಗಳಿಲ್ಲ. ಕೂತು ಬರೆಯುತ್ತಿದ್ದೇನೆ.

ಆಸ್ಪತ್ರೆ ಸೇರುವ ಮುಂಚೆ ನೀನು ಎಂಟು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಆದರೂ ಮುಖ ಫಳಫಳ ಅನ್ನುತ್ತಿತ್ತು. ಹೊಲಿಗೆ ಯಂತ್ರಕ್ಕೂ ಬಿಡುವಿಲ್ಲ, ನಿನ್ನ ಮಾತಿಗೂ ಬಿಡುವಿಲ್ಲ. ಮಗಳ ತರಗತಿಯ ಮಕ್ಕಳಿಗೆಲ್ಲ ಒಂದೇ ಥರದ ಅಂಗಿ ಹೊಲಿಯಲು ಹೊರಟಿದ್ದೆ. ಕಿಟಕಿ ಪರದೆಗಳು ಹೋದವು, ಹಾಸಿಗೆಯ ಹೊದಿಕೆಗಳು ಹೋದವು. ಕೊನೆಗೆ ಎದುರು ಮನೆಯಾಕೆ ಮಗಳ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ನೀಲಿ ರೇಷ್ಮೆಗೂ ಕತ್ತರಿ ಬಿತ್ತು. "ಏನು ಚುರುಕು ರೀ ನಿಮ್ಮ ಮನೆಯವರು!" ಅಂತ ಬ್ರೆಡ್ಡಿನಂಗಡಿಯವನು ಹೊಗಳಿದ. ಮಗಳು ಮಾತ್ರ, "ಅಪ್ಪಾ, ಅಮ್ಮ ಇಷ್ಟೊಂದು ಖುಷಿಯಾಗಿದ್ರೆ ನಂಗೆ ಹೆದ್ರಿಕೆ" ಅಂದಳು. ಒಂಬತ್ತು ವರ್ಷದವಳು.

ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಓಡಿದೆ. ನೀನು ಗಂಟು ಹೊತ್ತು ತರಗತಿಗೆ ನುಗ್ಗಿ, ಮಕ್ಕಳಿಗೆ ಅಂಗಿ ತೊಡಿಸಿ, "ಊರಿಗೆಲ್ಲ ತೋರಿಸ್ಬೇಡ್ವಾ!" ಅಂತ ಹೊರಗೆ ಕರೆತಂದಿದ್ದೆಯಂತೆ. ತಡೆಯಲು ಬಂದ ಟೀಚರನ್ನು ತಳ್ಳಿದ್ದೆ. ನಾನು ತಲುಪುವ ಹೊತ್ತಿಗೆ ಹನ್ನೊಂದು ಮಕ್ಕಳು ನಡುರಸ್ತೆಯಲ್ಲಿದ್ದರು. ಬಸ್ಸು ಬ್ರೇಕು ಹಾಕಿದ ಸದ್ದು ಕೇಳಿಸಿತು. ಕೊನೆಯ ಹುಡುಗಿಗೂ ಬಸ್ಸಿಗೂ ನಡುವೆ ಒಂದು ಗೇಣು ಜಾಗವಿತ್ತು. ಯಾರಿಗೂ ಏನೂ ಆಗಲಿಲ್ಲ, ಇದನ್ನು ಎರಡು ಸಲ ಓದಿಕೋ. ನಮ್ಮ ಮಗಳು ಆ ಗುಂಪಿನಲ್ಲಿರಲಿಲ್ಲ. ತರಗತಿಯ ಬೆಂಚಿನ ಕೆಳಗೆ ಮುದುಡಿ ಕೂತಿದ್ದಳು.

ಇನ್ನು ನಾನು ಮಾಡಿದ್ದು. ಬೇಡಿಕೊಂಡರೆ ನೀನು ಬರುತ್ತಿರಲಿಲ್ಲ, ಎಳೆಯಲು ನನಗೆ ಕೈ ಬರಲಿಲ್ಲ. "ಬಾರೇ, ಅಲ್ಲೊಂದು ದೊಡ್ಡ ಕಟ್ಟಡದಲ್ಲಿ ಅಳತೆ ಕೊಡೋಕೆ ಜನ ಕಾಯ್ತಿದ್ದಾರೆ" ಅಂದೆ. ನೀನು ಕಣ್ಣರಳಿಸಿ ನಂಬಿದೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಕಾರು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದೆ. ವಾರ್ಡಿನ ಬಾಗಿಲಲ್ಲಿ ನರ್ಸು ಟೇಪು, ಕತ್ತರಿ ತೆಗೆದುಕೊಂಡಾಗ ತಿರುಗಿ ನೋಡಿ, "ರೀ, ನೀವೂನಾ?" ಅಂದೆ. ಅಷ್ಟೇ ಅಂದೆ. ನಾನು ಕಾಗದಕ್ಕೆ ಸಹಿ ಹಾಕಿದೆ.

ಇನ್ನೊಂದು ನಿನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ನಾನು ಹೇಳಿಲ್ಲ. ನೀನು ಗುಳಿಗೆ ಬಿಟ್ಟದ್ದು ಮೊದಲ ದಿನವೇ ನನಗೆ ಗೊತ್ತಾಗಿತ್ತು. ಕಪಾಟಿನಲ್ಲಿ ಪೊಟ್ಟಣ ಒಡೆಯದೆ ಇತ್ತು. ಇದು ಮೂರನೇ ಸಲ, ಏನಾಗುತ್ತದೆಂದು ಬಲ್ಲೆ. ಆದರೆ ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದವಳು ಅಂದು ಬೆಳಿಗ್ಗೆ ನನ್ನ ಮೂಗು ಹಿಂಡಿ ನಕ್ಕಿದ್ದೆ. ಇನ್ನೊಂದೆರಡು ದಿನ ನಗಲಿ ಅನ್ನಿಸಿತು. ಕಪಾಟು ಮುಚ್ಚಿಬಿಟ್ಟೆ. ಹನ್ನೊಂದು ಮಕ್ಕಳು ರಸ್ತೆಗೆ ಬಂದದ್ದು ಅಲ್ಲಿಂದ.

ಅಳು ಬಂದಿಲ್ಲ. ಅಕ್ಕ ಬಂದು ಅಡುಗೆ ಮಾಡಿಟ್ಟು, "ಅತ್ತುಬಿಡೋ, ಹಗುರಾಗ್ತೀಯ" ಅಂತಾಳೆ. ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತೇನೆ. ಮಸೂರ ಉಜ್ಜುತ್ತೇನೆ, ಒಂದೂ ತಪ್ಪಿಲ್ಲ. ಎದುರು ಮನೆಯಾಕೆ ರೇಷ್ಮೆಗಾಗಿ ಬೈದಾಗ ಅವಳ ಬಾಯಿ ಆಡುವುದನ್ನು ನೋಡುತ್ತಾ ನಿಂತಿದ್ದೆ. ಮೈ ಇದೆ, ಒಳಗೆ ಯಾರೂ ಇಲ್ಲ ಅನ್ನುವ ಹಾಗೆ.

ಮಗಳು ಸದ್ಯಕ್ಕೆ ನಿನ್ನನ್ನು ನೋಡಲು ಬರುವುದಿಲ್ಲ ಅನ್ನುತ್ತಾಳೆ. ಒತ್ತಾಯ ಮಾಡಿಲ್ಲ. ನೀನೂ ಮಾಡಬೇಡ.

ಕಪಾಟಿನ ವಿಷಯ ಡಾಕ್ಟರಮ್ಮನಿಗೆ ಶನಿವಾರ ನಾನೇ ಹೇಳುತ್ತೇನೆ. ಆಮೇಲೆ ನಾಲ್ಕರಿಂದ ಐದರ ತನಕ ಭೇಟಿಯ ಕೋಣೆಯಲ್ಲಿ ಕೂತಿರುತ್ತೇನೆ. ಇದನ್ನೆಲ್ಲ ಓದಿದ ಮೇಲೂ ನನ್ನ ಮುಖ ನೋಡಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ ಬರಬೇಡ, ಮುಂದಿನ ಶನಿವಾರವೂ ಬಂದು ಕೂತಿರುತ್ತೇನೆ.

ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ, ಮನಸ್ಸು ತಣ್ಣಗಿರಲಿ.

ಇಂತು,
ನಿನ್ನ ಗಂಡ